ರಸ್ತೆ ಕಡೆಯ ಗುರುತು

"ಇದೇನ್ ಅತ್ಗೆ, ಗೇಟು ಬಾಡೂಟ ಮುಗಿಸ್ಕಂಡು ಬಂದೋರಂಗೆ ಒಟ್ಟೆ ಮುಂದಕ್ಕೆ ಬಿಟ್ಕಂಡು ನಿಂತೈತಲ್ಲ."

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಾಗಲಕ್ಷ್ಮಮ್ಮನ ಕೈ ನಿಂತಿತು. ಹಾಗೆ ಅಂದವನು ಅವಳ ಮೈದುನ ಚಿಕ್ಕಬೈರಪ್ಪ. ಅಂದದ್ದಷ್ಟೇ ಅಲ್ಲ, ಹೊಸ ಗೇಟನ್ನು ಎಳೆದು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಗೇಟಿನ ನಡು ರಸ್ತೆಯ ಕಡೆಗೆ ಉಬ್ಬಿ ನೆಲದ ತಡೆಪಟ್ಟಿಗೆ ಮೊದಲೇ ತಾಗುತ್ತಿತ್ತು. ಚಿಲಕವಿದ್ದ ತುದಿ ಕಂಬ ಮುಟ್ಟದೆ ಎರಡು ಬೆರಳಿನಷ್ಟು ಒಳಗೇ ಉಳಿಯುತ್ತಿತ್ತು. ನಿನ್ನೆ ಸಂಜೆ ಕಂಬಕ್ಕೆ ತೂಗುಹಾಕಿದ ಗೇಟು. ಬಣ್ಣ ಕೂಡ ಇನ್ನೂ ಬಿದ್ದಿಲ್ಲ.

ಚಿಕ್ಕಬೈರಪ್ಪನ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು, ಅದಕ್ಕೆ ಕಾರಣವೂ ಇತ್ತು. ಪಟ್ಟಂದೂರು ಅಗ್ರಹಾರದ ಆ ಮನೆಯಲ್ಲಿ ದನ ಕಟ್ಟುವುದು ನಿಂತು ಎಷ್ಟೋ ಕಾಲವಾಗಿತ್ತು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ರೂಮುಗಳು ಎದ್ದು, ರಸ್ತೆಗೆ ಮುಖ ಮಾಡಿದ ಹಳೇ ಕೊಟ್ಟಿಗೆ ಒಂದೇ ಖಾಲಿ ಉಳಿದಿತ್ತು. ಅದನ್ನು ಪಾರ್ಸೆಲ್ ಕಂಪನಿಯೊಂದರ ಗೋಡೌನಿಗೆ ಕೊಡಿಸಬೇಕೆಂದು ಚಿಕ್ಕಬೈರಪ್ಪ ಓಡಾಡುತ್ತಿದ್ದ. ಅವರು ಇವತ್ತೇ ಸಂಜೆ ಮಾತಿಗೆ ಬರುವವರಿದ್ದರು. ನಾಗಲಕ್ಷ್ಮಮ್ಮನ ಮೊಮ್ಮಗಳು ಆಶಾರಾಣಿಗೆ ಅದೇ ಕೊಟ್ಟಿಗೆಯಲ್ಲಿ ವೆಲ್ಡಿಂಗ್ ಅಂಗಡಿ ಹಾಕುವ ಆಸೆ. ಬೇರೆ ಕಡೆ ಜಾಗ ಹಿಡಿಯುವುದು ಆ ಹುಡುಗಿಯ ಕೈಲಾಗುವ ಮಾತಲ್ಲ. ಮನೆ ಯಜಮಾನಿ ನಾಗಲಕ್ಷ್ಮಮ್ಮ ಇಬ್ಬರಿಗೂ ಒಂದೇ ಮಾತು ಹೇಳಿದ್ದಳು: ಆಶಾ ಮಾಡಿದ ಗೇಟು ಸರಿಯಾಗಿ ಕೂತರೆ ಕೊಟ್ಟಿಗೆ ಅವಳದ್ದು, ಕೂರದಿದ್ದರೆ ಗೋಡೌನು.

ಹೇಳುವಾಗ ನಾಗಲಕ್ಷ್ಮಮ್ಮನಿಗೆ ಗೇಟು ಕೂರುವುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾಕೆಂದರೆ ಆ ಹುಡುಗಿ ಜಿಗಣಿಯ ವೆಲ್ಡಿಂಗ್ ಸ್ಕೂಲಿನಲ್ಲಿ ಕಲಿತದ್ದನ್ನೆಲ್ಲ ಮುದುಕಿಯೂ ಜಗಲಿಯಲ್ಲಿ ಕೂತೇ ಕಲಿತಿದ್ದಳು. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಹೋದವಳು ಸಂಜೆ ಮೈಯೆಲ್ಲ ಕಬ್ಬಿಣದ ವಾಸನೆ ಹೊತ್ತು ಬಂದು, ಕೈಕಾಲು ತೊಳೆಯುವ ಮೊದಲು ಅಜ್ಜಿಯ ಪಕ್ಕ ಕೂತು ಆ ದಿನದ ಕತೆ ಒಪ್ಪಿಸಬೇಕು. ಮೊದಮೊದಲು ಬೆಸುಗೆಯ ರಾಡು ಕಬ್ಬಿಣದ ಪ್ಲೇಟಿಗೇ ಅಂಟಿಕೊಂಡು, ಕಿತ್ತರೂ ಬರದೆ ಹುಡುಗರೆಲ್ಲ ನಕ್ಕದ್ದು. ಬೆಸುಗೆಯ ಮೇಲಿನ ಕಿಟ್ಟವನ್ನು ಸುತ್ತಿಗೆಯಲ್ಲಿ ತಟ್ಟಿದಾಗ ಚಿಪ್ಪಿನಂತೆ ಎದ್ದು ಬಂದು, ಕೆಳಗೆ ಸಾಲುಸಾಲು ಅಲೆ ಕಂಡದ್ದು. ಕಿಡಿ ಹಾರಿ ತೂತಾದ ತೋಳಿಗೆ ತೇಪೆ ಹಾಕುತ್ತಲೇ ನಾಗಲಕ್ಷ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕಲಿಸುತ್ತಿದ್ದ ಕೃಷ್ಣಸ್ವಾಮಿ ಮೇಷ್ಟ್ರು ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು, ಇಸ್ತ್ರಿ ಅಂಗಿ ಹಾಕಿಕೊಂಡೇ ಕಿಡಿಯ ಮಧ್ಯೆ ನಿಲ್ಲುವವರು. ಅವರನ್ನು ಅಜ್ಜಿ ನೋಡಿರಲಿಲ್ಲ, ಆದರೆ ಮೊಮ್ಮಗಳ ಬಾಯಲ್ಲಿ ಅವರ ದನಿ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಬೆಂಚಿನಿಂದ ಬೆಂಚಿಗೆ ಹೋಗುತ್ತ, "ಶಬ್ದ ಕೇಳಮ್ಮ. ಹಪ್ಪಳ ಕರಿದ ಹಾಗೆ ಒಂದೇ ಸಮ ಬರಬೇಕು. ಪಟಪಟ ಅಂದ್ರೆ ಕೈ ದೂರ ಹೋಯ್ತು ಅಂತ," ಅನ್ನುತ್ತಿದ್ದರಂತೆ. ಆಮೇಲಿನಿಂದ ಮನೆಯಲ್ಲಿ ಹಪ್ಪಳ ಕರಿಯುವಾಗಲೆಲ್ಲ ನಾಗಲಕ್ಷ್ಮಮ್ಮ ಒಲೆ ಹತ್ತಿರದಿಂದಲೇ ಕೂಗಿ, ಇದು ಸರಿಗೈತಾ ನೋಡೇ ಅಂತ ಮೊಮ್ಮಗಳನ್ನು ಕೇಳುವುದು ರೂಢಿಯಾಯಿತು.

ಇಷ್ಟೆಲ್ಲ ಆಗಿ ಈಗ ಗೇಟು ಹೊಟ್ಟೆ ಬಿಟ್ಟು ನಿಂತಿದೆ.

ಆಶಾ ಒಳಗಿನಿಂದ ಬಂದವಳು ನೇರ ಗೇಟಿನ ಹತ್ತಿರ ಹೋದಳು. ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಗೇಟಿನ ಅಡ್ಡಪಟ್ಟಿಯ ಉದ್ದಕ್ಕೂ ನೋಡಿದಳು. ಚಿಕ್ಕಬೈರಪ್ಪ ಜಗಲಿಯ ತುದಿಯಲ್ಲಿ ಕೂತು ಎರಡು ಅವರೆಕಾಯಿ ಕೈಗೆತ್ತಿಕೊಂಡು, ಗೋಡೌನ್ ಪಾರ್ಟಿಯೋರು ಬಂದ್ರೆ ಏನು ಹೇಳೋದು ಅಂತ ತಲೆ ಕೆಡಿಸಿಕೊಂಡಿದ್ದೆ, ಗೇಟೇ ಹೇಳಿಬಿಡ್ತು ಅಂದ. ಹುಡುಗಿ ಕಲಿತದ್ದು ಸುಳ್ಳಲ್ಲ, ಯಾವುದಾದರೂ ಫ್ಯಾಕ್ಟರಿಗೆ ಸೇರಿಕೊಳ್ಳಲಿ, ಅಂಗಡಿ ಗಿಂಗಡಿ ಯಾಕೆ ಅಂತಲೂ ಸೇರಿಸಿದ.

"ತಪ್ಪು ನಂದೇ ತಾತ," ಅಂದಳು ಆಶಾ. "ಬೆಸುಗೆಯೆಲ್ಲ ಒಂದೇ ಕಡೆ ಹಾಕ್ಬಿಟ್ಟೆ. ಬೆಸುಗೆ ಆರ್ತಾ ಆರ್ತಾ ಕುಗ್ಗುತ್ತೆ, ಕಬ್ಬಿಣಾನ ತನ್ನ ಕಡೆ ಎಳ್ಕೊಳ್ಳುತ್ತೆ. ಎರಡೂ ಕಡೆ ಹಾಕಿದ್ರೆ ಜಗ್ಗಾಟ ಸಮ ಆಗ್ತಿತ್ತು. ಗೊತ್ತಿದ್ದೂ ಮಾಡಿದೆ."

ಗೊತ್ತಿದ್ದೂ ಯಾಕೆ ಮಾಡಿದಳು ಅನ್ನುವುದು ನಾಗಲಕ್ಷ್ಮಮ್ಮನಿಗೆ ಗೊತ್ತಿತ್ತು. ಗೇಟು ಕಟ್ಟುವಾಗ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ರಸ್ತೆ ಕಡೆಗೆ ಒಂದು ಬೊಬ್ಬೆಯೂ ಕಾಣಬಾರದು, ಹೋಗಿಬರೋರು ನೋಡಿದರೆ ಕನ್ನಡಿ ಹಂಗಿರಬೇಕು, ಬೆಸುಗೆ ಏನಿದ್ದರೂ ಮನೆ ಕಡೆಗೆ ಹಾಕು ಅಂತ ಪಟ್ಟುಹಿಡಿದವಳು ಈ ಅಜ್ಜಿಯೇ. ಅಷ್ಟು ಮಾತ್ರದ್ದಕ್ಕೆ ಏನಾದೀತು ಅಂದುಕೊಂಡಿದ್ದಳು. ಹುಡುಗಿ ಒಂದೆರಡು ಸಲ ಬೇಡ ಅಜ್ಜಿ ಅಂದು, ಆಮೇಲೆ ಅಜ್ಜಿಯ ಮುಖ ನೋಡಿ ಸುಮ್ಮನಾಗಿದ್ದಳು. ಈಗ ಚಿಕ್ಕತಾತನ ಮುಂದೆ ಆ ಮಾತೇ ಎತ್ತದೆ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ.

"ನಾನೇ ಕಣೋ ಬೈರಪ್ಪ ಅಂಗೆ ಮಾಡ್ಸಿದ್ದು. ಆ ಮಗೀನ ಅನ್ಬೇಡ," ಅಂದಳು ಮುದುಕಿ.

ಆಶಾ ಮೊಬೈಲು ಹಿಡಿದು ರಸ್ತೆಗೆ ಹೋಗಿ ಕೃಷ್ಣಸ್ವಾಮಿ ಮೇಷ್ಟ್ರ ಜೊತೆ ಮಾತಾಡಿ ಬಂದಳು. ಅವರು ಬಯ್ಯಲಿಲ್ಲವಂತೆ. ಕ್ಲಾಸಿನಲ್ಲಿ ಸೊಟ್ಟ ಪಟ್ಟಿಯನ್ನು ಬೆಂಕಿಯಿಂದ ನೆಟ್ಟಗೆ ಮಾಡಿ ತೋರಿಸಿದ್ದು ನೆನಪಿದೆಯಾ ಅಂತಷ್ಟೇ ಕೇಳಿದರಂತೆ. ಗೇಟು ಬಿಚ್ಚಬೇಕಿಲ್ಲ, ಕತ್ತರಿಸಬೇಕಿಲ್ಲ. ಬೆಸುಗೆ ಎಳೆದುಕೊಂಡ ಕಡೆಯ ಬೆನ್ನಿಗೆ, ಉಬ್ಬಿದ ಕಡೆಗೆ, ಅಲ್ಲಲ್ಲಿ ಚುಕ್ಕೆಯಷ್ಟು ಜಾಗ ಕಾಸಬೇಕು. ಅದು ಆರುವಾಗ ಕುಗ್ಗಿ ವಾಪಸ್ ಎಳೆಯುತ್ತದೆ.

"ಆದ್ರೆ ಅಜ್ಜಿ, ಉಬ್ಬಿರೋದು ರಸ್ತೆ ಕಡೆ. ಕಾಸಿದ ಜಾಗ ಕಪ್ಪಗೆ ಗುಂಡಗೆ ಕಲೆ ಆಗುತ್ತೆ. ಪೇಂಟ್ ಹೊಡೆದ ಮೇಲೂ ಸ್ವಲ್ಪ ತಗ್ಗುದಿಣ್ಣೆ ಕಾಣುತ್ತೆ."

ನಾಗಲಕ್ಷ್ಮಮ್ಮ ಗೇಟಿನ ನುಣುಪು ಮುಖವನ್ನು ಒಂದು ಸಲ ನೋಡಿದಳು. "ಕಾಸು," ಅಂದಳು.

ಮೇಲಿನ ರೂಮಿನ ಬಾಡಿಗೆಯವನು ಶಶಿಕುಮಾರ್ ತನ್ನ ಆಟೋದಲ್ಲಿ ಕುಂದಲಹಳ್ಳಿಗೆ ಹೋಗಿ, ಆಶಾ ಕೈ ಪಳಗಿಸಿಕೊಂಡಿದ್ದ ವರ್ಕ್‌ಶಾಪಿನಿಂದ ಗ್ಯಾಸ್ ಟಾರ್ಚು, ಸಿಲಿಂಡರು ತಂದುಕೊಟ್ಟ. ಅಷ್ಟರಲ್ಲಿ ಬಿಸಿಲು ರಸ್ತೆ ಕಡೆಗೆ ತಿರುಗಿತ್ತು. ಬಿಸಿಲಲ್ಲಿ ಕಬ್ಬಿಣದ ಕೆಂಪು ಕಾಣಿಸುವುದಿಲ್ಲ, ಕಾಣದಿದ್ದರೆ ಹೆಚ್ಚು ಕಾದು ಕೆಟ್ಟುಹೋಗುತ್ತದೆ ಅಂತ ಆಶಾ ಅಂದದ್ದೇ ತಡ, ಮುದುಕಿ ಒಳಗೆ ಹೋಗಿ ಕೊಡೆ ತಂದು ಬಿಚ್ಚಿ ಮೊಮ್ಮಗಳ ಬೆನ್ನ ಹಿಂದೆ ನಿಂತಳು. ಆಫೀಸಿನವರ ಸ್ಕೂಟರುಗಳು ನಿಧಾನ ಮಾಡಿ ನೋಡಿಕೊಂಡು ಹೋದವು.

ಅಷ್ಟು ದಿನ ಬರೀ ಕೇಳಿದ್ದ ಕೆಲಸವನ್ನು ನಾಗಲಕ್ಷ್ಮಮ್ಮ ಅವತ್ತು ಹತ್ತಿರದಿಂದ ನೋಡಿದಳು. ಎಷ್ಟು ಗಡಿಬಿಡಿಯಿಲ್ಲದ ಕೈ. ಮನೆಯಲ್ಲಿ ಲೋಟ ತೊಳೆದಿಡುವಾಗ ಎರಡು ಬೀಳಿಸುವ ಹುಡುಗಿ ಇವಳೇನಾ ಅನ್ನಿಸಿತು. ನೀಲಿ ಉರಿಯನ್ನು ಒಂದೇ ಜಾಗದಲ್ಲಿ ಸಣ್ಣಗೆ ಸುತ್ತಿಸುತ್ತ, ಉಸಿರು ಹಿಡಿದು ಕಾದಳು ಆಶಾ. ಕಬ್ಬಿಣ ಕಂದಿತು, ಮಂಕಾಯಿತು, ಆಮೇಲೆ ಒಣಮೆಣಸಿನಕಾಯಿಯ ಕೆಂಪು ಬಂತು. ಬಂದ ಕ್ಷಣಕ್ಕೆ ಉರಿ ತೆಗೆದಳು. ಅಲ್ಲಿಂದ ಮುಂದಿನ ಚುಕ್ಕೆ.

"ಅಯ್ಯೋ, ಇನ್ನೂ ಒಳಕ್ಕೇ ಓಯ್ತಲ್ಲಮ್ಮಣ್ಣಿ," ಅಂದ ಚಿಕ್ಕಬೈರಪ್ಪ. ಅವನು ಯಾವಾಗಲೋ ಜಗಲಿಯಿಂದ ಎದ್ದು ಬಂದು ಚಿಲಕದ ಪಕ್ಕ ನಿಂತಿದ್ದ. ಈ ಸಲ ಅವನ ದನಿಯಲ್ಲಿ ಖುಷಿಯಿರಲಿಲ್ಲ.

ನಿಜವೇ. ಎರಡು ಬೆರಳಿದ್ದ ಸಂದು ಮೂರು ಬೆರಳಾಗಿತ್ತು, ಗೇಟಿನ ಹೊಟ್ಟೆ ಮೊದಲಿಗಿಂತ ಮುಂದೆ ಬಂದಿತ್ತು. ಆಶಾ ತಿರುಗಿಯೂ ನೋಡಲಿಲ್ಲ.

"ಕಾಯುವಾಗ ಹಿಗ್ಗುತ್ತೆ ತಾತ, ಅದಕ್ಕೇ ಇನ್ನೂ ಹೋಗುತ್ತೆ. ಬಿಸಿ ಇರೋವಾಗ ಅದನ್ನ ನಂಬಬಾರದು ಅಂದಿದಾರೆ ಸಾರ್. ಆರಲಿ, ಆಮೇಲೆ ಮಾತಾಡೋಣ."

ಕೊನೆಯ ಚುಕ್ಕೆಯೂ ಮುಗಿದು ಕೆಂಪು ಪೂರಾ ಅಡಗಿದ ಮೇಲೆ, ಒದ್ದೆ ಗೋಣಿತಾಟನ್ನು ತೆಗೆದುಕೊಂಡು ಒಂದೊಂದನ್ನೇ ಒತ್ತಿದಳು. ಚುಂಯ್ ಅಂತ ಹಬೆ ಎದ್ದಿತು. ಆಮೇಲೆ ಟಾರ್ಚು ಕೆಳಗಿಟ್ಟು, ಕಪ್ಪು ಕನ್ನಡಕ ತೆಗೆದು, ತಣ್ಣಗಾಗುವ ತನಕ ಯಾರೂ ಮುಟ್ಟಬೇಡಿ ಅಂದು ಮುಖ ತೊಳೆಯಲು ಒಳಗೆ ಹೋದಳು. ನಾಗಲಕ್ಷ್ಮಮ್ಮನಿಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಮೊಮ್ಮಗಳ ಕೊಟ್ಟಿಗೆ, ಅವಳ ಅಂಗಡಿ, ಎಲ್ಲ ಆ ಎರಡು ಬೆರಳಿನ ಸಂದಿಯಲ್ಲಿ ಇರುವಾಗ, ಕೆಲಸ ಮುಗಿಸಿದವಳು ಅದನ್ನು ಅದರ ಪಾಡಿಗೆ ಬಿಟ್ಟು ಹೋಗಬಲ್ಲಳು. ತಾನಾಗಿದ್ದರೆ ಗೇಟಿನ ಮುಂದೆ ಕೂತು ಜಪ ಮಾಡುತ್ತಿದ್ದೆ ಅಂದುಕೊಂಡಳು.

ಆಮೇಲೆ ಎಲ್ಲರೂ ಕಾಫಿ ಕುಡಿದರು. ಯಾರೂ ಗೇಟಿನ ಮಾತೆತ್ತಲಿಲ್ಲ, ಯಾರೂ ಬೇರೆ ಕಡೆ ನೋಡಲೂ ಇಲ್ಲ. ಚಿಕ್ಕಬೈರಪ್ಪನ ಫೋನು ರಿಂಗಾಯಿತು. ಪಾರ್ಟಿಯವರು ಮೇನ್ ರೋಡಿಗೆ ಬಂದು ದಾರಿ ಗೊತ್ತಾಗದೆ ನಿಂತಿದ್ದರಂತೆ. ಅವನು ಲೋಟ ಕೆಳಗಿಟ್ಟು ಎದ್ದ.

"ಕರ್ಕಂಡ್ ಬರ್ತೀನಿ ಅತ್ಗೆ."

"ಓಗ್ಬಾರಪ್ಪ."

ಆಶಾ ಅಜ್ಜಿಯ ಪಕ್ಕ ಬಂದು ಕೂತು, ಕಲೆಗಳ ಕಡೆ ಕೈ ತೋರಿಸಿದಳು. "ಪುಟ್ಟಿ ಹಾಕಿ ಉಜ್ಜಿ ಪೇಂಟ್ ಹೊಡೀತೀನಿ ಅಜ್ಜಿ. ದೂರಕ್ಕೆ ಗೊತ್ತಾಗಲ್ಲ."

"ತುಕ್ಕು ಇಡೀದೇ ಇರೋಕೆ ಬಣ್ಣ ಒಡಿ. ಉಜ್ಬೇಡ. ಯಾಕಮ್ಮ ಇದು ಅಂತ ಯಾರಾನಾ ಕೇಳಿದ್ರೆ, ಕೂತ್ಕಂಡು ಒಪ್ಸೋಕೆ ನಂಗೊಂದ್ ಕತೆ ಬೇಡ್ವೇನೇ?"

ರಸ್ತೆಗೆ ಇಳಿದ ಚಿಕ್ಕಬೈರಪ್ಪ ಫೋನನ್ನು ಕಿವಿಗಿಟ್ಟುಕೊಂಡು, ದಾರಿ ಹೇಳುತ್ತಲೇ, ಹಿಂದೆ ನೋಡದೆ ಗೇಟನ್ನು ಎಳೆದುಕೊಂಡ. ಟಕ್ ಅಂತ ಚಿಲಕ ಕಂಬದೊಳಗೆ ಬಿತ್ತು. ಅವನ ಮಾತು ಅರ್ಧಕ್ಕೆ ನಿಂತಿತು. ತಿರುಗಿದ, ಚಿಲಕ ಎತ್ತಿ ಗೇಟು ಪೂರ್ತಿ ತೆರೆದ, ಮತ್ತೆ ಎಳೆದುಕೊಂಡ.