ಒಂದು ಬೀಟ್ ಮುಂಚೆ

ಅರವತ್ತಕ್ಕೆ ಅರಳುಮರಳು ಅಂತಾರೆ. ಈ ನಾಲ್ವರಿಗೆ ಅರವತ್ತು ದಾಟಿ ಏಳೆಂಟು ವರ್ಷವೇ ಆಗಿತ್ತು, ಹಾಗಾಗಿ ಮರುಳು ಒಂದು ಹಿಡಿ ಜಾಸ್ತಿಯೇ ಇತ್ತು ಅನ್ನಿ. ಇಲ್ಲದಿದ್ದರೆ ನಲವತ್ತು ವರ್ಷ ಜಾಜ್ ಫ್ಯೂಷನ್ ನುಡಿಸಿ, ಹನ್ನೊಂದು ಆಲ್ಬಮ್ ತಂದು, ಜನ "ಹಳೇದನ್ನೇ ನುಡಿಸಿ, ಸಾಕು" ಎನ್ನುತ್ತಿರುವಾಗ ಇಂಥ ಹನ್ನೆರಡನೆಯದಕ್ಕೆ ಯಾರು ಕೈಹಾಕುತ್ತಾರೆ? ಆಲ್ಬಮ್ ತುಂಬ ಐವತ್ತು ನಿಮಿಷದ ಒಂದೇ ಕೃತಿ. ನಡುನಡುವೆ ಎಲ್ಲ ವಾದ್ಯಗಳೂ ತೆಪ್ಪಗಾಗುವ ಉದ್ದುದ್ದ ಮೌನ.

ಬರೆದದ್ದು ಕೀಬೋರ್ಡಿನ ಮೇಷ್ಟ್ರು. ಒಂದು ಕಾಲದಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಬೇಸ್ ಗಿಟಾರ್ ಗುಡುಗುವಿನದು. ದನಿಯಿಂದಾಗಿ ಆ ಹೆಸರು. ಸ್ಯಾಕ್ಸೊಫೋನ್ ಅವನ ಹೆಂಡತಿಯದು, ಡ್ರಮ್ಸ್ ಅವಳ ತಮ್ಮನದು. ಗುಡುಗುವಿಗೆ ತನ್ನ ತಾಳದ ಮೇಲೆ ಎಲ್ಲಿಲ್ಲದ ಹೆಮ್ಮೆ. ಪ್ರತಿ ಕಛೇರಿ ಮುಗಿದ ಮೇಲೂ "ಓಡಬೇಡ ಮಾರಾಯ, ನನ್ನ ನೋಡಿ ಕಲಿ" ಎಂದು ಭಾವಮೈದುನನಿಗೆ ಬುದ್ಧಿ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ರೆಕಾರ್ಡಿಂಗ್ ಮೇಷ್ಟ್ರ ಮಗಳ ಸ್ಟುಡಿಯೋದಲ್ಲಿ. ಮೊದಲು ಕುರ್ಚಿ ಮೇಜುಗಳ ಗೋದಾಮಾಗಿದ್ದ ಜಾಗ, ಇನ್ನೂ ವಾರ್ನಿಶ್ ವಾಸನೆ ಹೋಗಿರಲಿಲ್ಲ. ಈಗಿನ ಪದ್ಧತಿಯಂತೆ ಅವಳು ಮೊದಲ ದಿನ ಗುಡುಗುವನ್ನು ಒಬ್ಬನನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನಿನಲ್ಲಿ ತಾಳದ ಟಿಕ್ ಟಿಕ್ ಕೇಳಿಸಿ, ಅವನ ಪಾಲನ್ನು ನುಡಿಸಲು ಹೇಳಿದಳು. ಮರುದಿನ ಕರೆದು ಬಾಗಿಲು ಹಾಕಿದಳು.

"ಮಾಮ, ಬೇಜಾರು ಮಾಡ್ಕೋಬೇಡಿ. ಪ್ರತಿ ಮೌನ ಆದ್ಮೇಲೂ ನೀವು ಒಂದು ಬೀಟ್ ಮುಂಚೆ ಬರ್ತೀರಿ."

"ನಿನ್ನ ಟಿಕ್ ಟಿಕ್ಕೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹುಡುಗಿ ವಾದಕ್ಕೆ ಇಳಿಯದೆ ಹಳೆಯ ಆಲ್ಬಮ್‌ಗಳನ್ನು ಹಾಕಿದಳು. ಮೊದಲನೆಯದು, ಐದನೆಯದು, ಹನ್ನೊಂದನೆಯದು. ಎಲ್ಲದರಲ್ಲೂ ಮೌನ ಬಂದಾಗಲೆಲ್ಲ ಅವನು ಒಂದು ಬೀಟ್ ಮೊದಲೇ ಹಾರಿದ್ದ, ಉಳಿದ ಮೂವರೂ ಅವನ ಜೊತೆಗೇ ಹಾರಿದ್ದರು. ಹಾಗಾಗಿ ಯಾರ ಕಿವಿಗೂ ಬಿದ್ದಿರಲಿಲ್ಲ. ಗುಡುಗುವಿನ ಮುಖ ಸುಟ್ಟ ಬದನೆಕಾಯಿಯಾಯಿತು.

"ಅವರಿಗೆ ಹೇಳ್ಬೇಡ," ಎಂದ. "ಶುಕ್ರವಾರ ಎಲ್ಲರೂ ಒಂದೇ ಕೋಣೇಲಿ ಕೂತು ನುಡಿಸ್ತೀವಿ. ಆಗಲೂ ತಪ್ಪಿದ್ರೆ ಬೇರೆ ಬೇಸ್‌ನೋರನ್ನ ನೋಡ್ಕೋ. ನಾನು ಬ್ಯಾಂಡ್ ಬಿಡ್ತೀನಿ."

ಹೇಳಿದ್ದೇನೋ ಜಂಬದಿಂದಲೇ. ಆದರೆ ಮನೆಗೆ ನಡೆಯುವಾಗ ಜಂಬ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಆ ಮೂವರಿಲ್ಲದೆ ಬದುಕುವುದು ಹೇಗೆಂದು ಅವನು ಎಂದೂ ಕಲಿತಿರಲಿಲ್ಲ.

ನಾಲ್ಕು ದಿನ ಬಚ್ಚಲಮನೆಯಲ್ಲಿ, ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್ ಇಟ್ಟುಕೊಂಡು ಸಾಧನೆ ನಡೆಯಿತು. ನಲ್ಲಿ ಸೋರುತ್ತಿದೆಯೆಂದು ಹೆಂಡತಿ ಪ್ಲಂಬರ್‌ನನ್ನು ಕರೆಸಿದಳು. ಅವನು ಬಾಗಿಲು ತಳ್ಳಿದರೆ ಬೋರಲು ಬಕೆಟ್ಟಿನ ಮೇಲೆ ಗಿಟಾರ್ ಹಿಡಿದ ಮುದುಕ! "ಇದು ನನ್ನ ಕೈಲಿ ರಿಪೇರಿ ಆಗಲ್ಲಮ್ಮ," ಎಂದು ಹೇಳಿ ಹೊರಟುಹೋದ.

ಶುಕ್ರವಾರ ನಾಲ್ವರೂ ಕೂತರು. ಗುಡುಗುವಿನ ಮುಂದಿದ್ದ ಸ್ವರದ ಹಾಳೆಯಲ್ಲಿ ಮೊದಲ ಮೌನ ಇಪ್ಪತ್ತು ಬೀಟಿನದು. ಗುಡುಗು ಹಲ್ಲು ಕಚ್ಚಿ ಇಪ್ಪತ್ತೂ ಎಣಿಸಿ, ಇಪ್ಪತ್ತೊಂದಕ್ಕೆ ಸರಿಯಾಗಿ ತಂತಿ ಮೀಟಿದ. ಉಳಿದವರು ಅಷ್ಟರಲ್ಲಾಗಲೇ ಇಪ್ಪತ್ತಕ್ಕೇ ಬಂದಾಗಿತ್ತು. ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದಂತಾಯಿತು.

"ಭಾವ, ಎಲ್ಲಿಗೆ ಹೋಗಿದ್ರಿ?" ಎಂದ ಭಾವಮೈದುನ.

"ನಾನು ಸರಿಯಾಗೇ ಬಂದಿದೀನಿ!" ಎಂದು ಗುಡುಗು ಗುಡುಗಿದ. ಆ ಸಿಟ್ಟಿನಲ್ಲೇ ಗಾಜಿನ ಕೋಣೆ, ಹಳೆಯ ಆಲ್ಬಮ್, ಬಚ್ಚಲಮನೆ ಎಲ್ಲ ಬಾಯಿಂದ ಹೊರಬಿತ್ತು.

ಹೆಂಡತಿ ಸ್ಯಾಕ್ಸೊಫೋನನ್ನು ತೊಡೆಯ ಮೇಲಿಟ್ಟುಕೊಂಡಳು. "ನಮಗೆ ಮೊದಲನೇ ದಿನದಿಂದ್ಲೇ ಗೊತ್ತು ರೀ."

"ಹೇಳೋಕೇನಾಗಿತ್ತು?"

"ಮದುವೆಗೆ ಮುಂಚೆ ಒಂದ್ಸಲ ಹೇಳಿದ್ದೆ. ಒಂದು ವಾರ ಮಾತು ಬಿಟ್ರಿ."

ಮೇಷ್ಟ್ರು ತಮ್ಮ ಹಾಳೆಯನ್ನು ಅವನ ಹಾಳೆಯ ಪಕ್ಕ ಹಿಡಿದರು. "ನಿನ್ನದ್ರಲ್ಲಿ ಇಪ್ಪತ್ತು, ನಮ್ಮ ಮೂವರದ್ರಲ್ಲಿ ಹತ್ತೊಂಬತ್ತು. ನಲವತ್ತು ವರ್ಷದಿಂದ ಹೀಗೇ ಬರೀತಿದೀನಿ. ನಿನಗೆ ಹತ್ತೊಂಬತ್ತು ಅಂತ ಬರೆದ್ರೆ ಹದಿನೆಂಟಕ್ಕೇ ಮುಗಿಸಿಬಿಡ್ತೀಯ! ಈ ಸಲ ಇಡೀ ಕೃತೀನೇ ಅದರ ಮೇಲೆ ಕಟ್ಟಿದೀನಿ ಕಣಯ್ಯ. ಕೇಳೋರು ಇನ್ನೂ ಕಾಯ್ತಿರೋವಾಗ್ಲೇ ನೀನು ಬಂದುಬಿಡ್ತೀಯ. ಇದರ ಜೀವ ಇರೋದೇ ಅಲ್ಲಿ."

ಗುಡುಗುವಿಗೆ ನಗು ಬಂತು, ನಾಚಿಕೆಯೂ ಬಂತು. ಆದರೆ ಹೊಸ ಫಜೀತಿ ಶುರುವಾಯಿತು. ಗೊತ್ತಾದ ಮೇಲೆ ತಪ್ಪು ಕೈಗೆ ಬರಲೊಲ್ಲದು. ಹತ್ತೊಂಬತ್ತು ಎಣಿಸಲು ಹೋಗಿ ಒಮ್ಮೆ ಹದಿನೇಳಕ್ಕೆ ಹಾರಿದ, ಒಮ್ಮೆ ಇಪ್ಪತ್ತೆರಡಕ್ಕೆ ಎಡವಿದ, ಮೂರನೆಯ ಸಲ ಕೈಯೇ ಏಳಲಿಲ್ಲ. ತಪ್ಪಿಗಾಗಿ ಬ್ಯಾಂಡ್ ಬಿಡಬೇಕಾದೀತೆಂದು ಹೆದರಿದ್ದವನು ಈಗ ತಿದ್ದಿಕೊಂಡಿದ್ದಕ್ಕಾಗಿ ಬಿಡಬೇಕಾದ ಗತಿ. "ಬೇರೆಯವರನ್ನ ಕರೀರಿ," ಎಂದ, ಮೆಲ್ಲಗೆ. ಅವನ ದನಿ ಅಷ್ಟು ಸಣ್ಣಗಾಗಿದ್ದನ್ನು ಯಾರೂ ಕೇಳಿರಲಿಲ್ಲ.

ಹೆಂಡತಿ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. "ಎಣಿಸ್ಬೇಡಿ. ಸುಮ್ನೆ ಕೂತಿರಿ."

ಮತ್ತೆ ಶುರುಮಾಡಿದರು. ಮೌನ ಬಂತು. ಅವನು ಎಣಿಸಲಿಲ್ಲ. ಆ ನಿಶ್ಶಬ್ದದಲ್ಲಿ, ಊದುವ ಮುನ್ನ ಹೆಂಡತಿ ಉಸಿರೆಳೆದುಕೊಂಡದ್ದು ಕೇಳಿತು. ಆ ಉಸಿರು ತುಂಬುವಷ್ಟರಲ್ಲಿ ಅವನ ಬೆರಳು ತಂತಿ ಮೀಟಿಯಾಗಿತ್ತು. ನಾಲ್ವರೂ ಒಟ್ಟಿಗೆ ಬಂದಿದ್ದರು. ನಲವತ್ತು ವರ್ಷದಲ್ಲಿ ತಾನು ಒಮ್ಮೆಯೂ ಎಣಿಸಿಯೇ ಇರಲಿಲ್ಲ, ಆ ಉಸಿರನ್ನು ಹಿಡಿದೇ ಬರುತ್ತಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಒಬ್ಬನೇ ಗಾಜಿನ ಕೋಣೆಯಲ್ಲಿ ಕೂತಾಗಲೂ ಕಿವಿಯಲ್ಲಿದ್ದದ್ದು ಅದೇ. ಕಣ್ಣು ತುಂಬಿಕೊಂಡಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಐವತ್ತು ನಿಮಿಷ ಎಲ್ಲೂ ಎಡವದೆ ಕೃತಿ ಮುಗಿಯಿತು.

ಬಿದ್ದರೂ ಮೀಸೆ ಮಣ್ಣಾಗದ ಆಸಾಮಿ ತಕ್ಷಣ ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ತಪ್ಪು ನಂದಲ್ಲ. ನೀನು ಬೇಗ ಉಸಿರು ತಗೋತೀಯ, ನಾನು ಅದನ್ನ ಕೇಳಿ ಬರ್ತೀನಿ."

"ಗೊತ್ತು ರೀ," ಎಂದಳು ಅವಳು ಸ್ಯಾಕ್ಸೊಫೋನ್ ಒರೆಸುತ್ತ. "ನಿಮಗೆ ಕೇಳ್ಲಿ ಅಂತ್ಲೇ ಅಷ್ಟು ಜೋರಾಗಿ ತಗೊಳ್ಳೋದು."