ಜಗದಾಂಬಾ ಅತ್ತೆಯ ಲಾಗಿನ್

ಕಂಪ್ಯೂಟರ್ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಇದೆ, ಇಲ್ಲವೆಂದು ನಾಟಕ ಆಡುವುದಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ತರಬೇತಿ ಕೇಂದ್ರ ನಡೆಸುವವಳು ನಾನು. ಹಾಗಾಗಿ 2008ರ ಒಂದು ಭಾನುವಾರ ಭದ್ರಾವತಿಯಿಂದ ಷಡಕ್ಷರಪ್ಪ ಮಾವ "ತನುಜಾ, ಬ್ಲಾಗು ಕೈ ಕೊಟ್ಟಿದೆ ಮಾರಾಯ್ತಿ, ಬಾ" ಎಂದು ಫೋನ್ ಮಾಡಿದಾಗ ಖುಷಿಯಿಂದಲೇ ಬಸ್ಸು ಹತ್ತಿದೆ.

ಮಾವ ನಿವೃತ್ತ ಹೈಸ್ಕೂಲು ಮೇಷ್ಟ್ರು. ಬಾಡಿಗೆ ಸರ್ವರಿನಲ್ಲಿ ತಾವೇ ಬ್ಲಾಗು ಕೂರಿಸಿ ಊರಿನ ಹಳೆಯ ಸಂಗತಿಗಳನ್ನು ಬರೆಯುತ್ತಿದ್ದರು. ಅವರ ಹೆಂಡತಿ ಜಗದಾಂಬಾ ಅತ್ತೆ, ಅಂದರೆ ನನ್ನ ಅಪ್ಪನ ತಂಗಿ, ಅದರಲ್ಲೇ ಏನೋ ಬರೆಯುತ್ತಾರೆಂದು ಕೇಳಿದ್ದೆ. ಓದಿರಲಿಲ್ಲ.

ಬಾಗಿಲಲ್ಲೇ ಮಾವ ಶುರು ಮಾಡಿದರು. "ನಿನ್ನೆ ಬ್ಲಾಗಿನ ಸಾಫ್ಟ್‌ವೇರ್‌ದು ಹೊಸ ಆವೃತ್ತಿ ಹಾಕ್ದೆ. ಪಾಸ್‌ವರ್ಡ್ ಏನೋ ತಗೊಳತ್ತೆ, ಒಳಗೆ ಹೋದ್ರೆ ಅನುಮತಿ ಇಲ್ಲ ಅನ್ನತ್ತೆ. ಅವಳಿಗೂ ಅಷ್ಟೇ. ಎಲ್ಲ ಅಳಿಸಿ ಹೊಸದಾಗಿ ಹಾಕ್ಬಿಡು. ನನ್ನ ಲೇಖನ ಎಲ್ಲ ಪ್ರಿಂಟ್ ತೆಗೆದಿಟ್ಟಿದ್ದೀನಿ."

"ನಂದು ಪ್ರಿಂಟ್ ಇಲ್ಲ ಕಣೇ," ಎಂದರು ಅತ್ತೆ ಅಡುಗೆಮನೆಯಿಂದ. "ಬರ್ದಿದ್ದೆಲ್ಲ ಅದರೊಳಗೇ ಇದೆ."

"ಮತ್ತೆ ಬರೆದ್ರಾಯ್ತು ಬಿಡೇ," ಎಂದರು ಮಾವ.

ನನಗೆ ಮೈ ಉರಿಯಿತು. "ಒಂದಕ್ಷರಾನೂ ಅಳಿಸಲ್ಲ ಮಾವ. ಅತ್ತೆ ಮಾಡ್ತಿರೋ ಅವಲಕ್ಕಿ ತಿನ್ನೋದ್ರೊಳಗೆ ಸರಿ ಮಾಡ್ತೀನಿ."

ಹೇಳಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಬ್ರೌಸರಿನ ಕುಕೀ ಅಳಿಸಿದೆ, ಪ್ಲಗಿನ್ನುಗಳನ್ನು ನಿಲ್ಲಿಸಿದೆ, ಫೈಲುಗಳನ್ನು ಮತ್ತೆ ಏರಿಸಿದೆ. ಅವಲಕ್ಕಿ ಮುಗಿದು ಕಾಫಿಯೂ ತಣ್ಣಗಾಯಿತು. ಆದರೂ ಧೈರ್ಯ ಕೆಡಲಿಲ್ಲ. ಪಾಸ್‌ವರ್ಡ್ ಒಪ್ಪುತ್ತಿದೆ ಎಂದರೆ ಆಳು ಯಾರೆಂದು ಅದಕ್ಕೆ ಗೊತ್ತಿದೆ, ಅವರ ಅಧಿಕಾರ ಏನೆಂಬುದು ಮಾತ್ರ ಸಿಗುತ್ತಿಲ್ಲ. ಅದು ಇರುವುದು ಬ್ಲಾಗಿನ ಮಾಹಿತಿಯನ್ನೆಲ್ಲ ಕೂಡಿಟ್ಟಿರುವ ಡೇಟಾಬೇಸಿನಲ್ಲಿ.

"ಮಾವ, ಡೇಟಾಬೇಸ್ ಮುಟ್ಟಿದ್ರಾ?"

"ಛೇ, ಇಲ್ಲಮ್ಮ." ಆಮೇಲೆ ಬಾಯಿಬಿಟ್ಟರು. "ಟೇಬಲ್‌ಗಳ ಅಂದ್ರೆ ಅದರೊಳಗಿನ ಪಟ್ಟಿಗಳ ಹೆಸರಿನ ಮುಂದೆ ಇದ್ದ ಅಕ್ಷರಗಳನ್ನ ತೆಗೆದು ಶ್ರೀ ಅಂತ ಹಾಕ್ದೆ, ಅಷ್ಟೇ. ಹೊಸದು ಶುರು ಮಾಡೋವಾಗ ಮೇಲೊಂದು ಶ್ರೀ ಬರೀದೆ ಹೇಗೆ? ಸೆಟ್ಟಿಂಗ್ಸ್ ಫೈಲಲ್ಲೂ ಬದಲಾಯಿಸಿದ್ದೀನಿ!"

ನಗು ತಡೆಯಲಾಗಲಿಲ್ಲ. ಟೇಬಲ್ಲುಗಳ ಹೆಸರು ಬದಲಾಗಿತ್ತು, ಅವುಗಳ ಒಳಗೆ ಯಾರಿಗೆ ಯಾವ ಅಧಿಕಾರ ಎಂದು ಬರೆದಿದ್ದ ಸಾಲುಗಳಲ್ಲಿ ಹಳೆಯ ಹೆಸರೇ ಉಳಿದಿತ್ತು. ಮನೆ ನಂಬರ್ ಬದಲಾಯಿಸಿ ರೇಷನ್ ಕಾರ್ಡಿನಲ್ಲಿ ಹಳೆಯದನ್ನೇ ಬಿಟ್ಟ ಹಾಗೆ. ಆ ಸಾಲುಗಳಿಗೂ ಶ್ರೀ ಹಾಕುತ್ತಾ ಹೋದೆ. ಮಾವನ ಲಾಗಿನ್ ತೆರೆಯಿತು.

ಅತ್ತೆಯ ಸಾಲಿಗೆ ಬಂದಾಗ ಕೈ ನಿಂತಿತು. ಅವರಿಗೆ ಬರೆಯುವ ಅಧಿಕಾರ ಮಾತ್ರ ಇತ್ತು, ಪ್ರಕಟಿಸಲು ಮಾವ ಒಪ್ಪಬೇಕಿತ್ತು. ಒಳಗೆ ಹೋಗಿ ನೋಡಿದೆ. ಅತ್ತೆಯ ಬರಹಗಳು ಎರಡು ವರ್ಷದಿಂದ ಒಪ್ಪಿಗೆಗೆ ಕಾದು ಕೂತಿದ್ದವು. ಒಂದೂ ಹೊರಗೆ ಬಂದಿರಲಿಲ್ಲ.

"ಇವನ್ನ ಓದೇ ಇಲ್ವಾ ಮಾವ?"

"ಪುರುಸೊತ್ತಾದಾಗ ತಿದ್ದಿ ಹಾಕೋಣ ಅಂತ..." ಎಂದರು ಮೇಷ್ಟ್ರು.

"ಚೆನ್ನಾಗಿಲ್ವೇನೋ ಅಂದ್ಕೊಂಡು ನಾನೂ ಕೇಳ್ಲಿಲ್ಲ," ಎಂದರು ಅತ್ತೆ.

"ಮಾವ, ಅತ್ತೆಗೂ ನಿಮ್ಮಷ್ಟೇ ಅಧಿಕಾರ ಕೊಡ್ತಿದ್ದೀನಿ," ಎಂದು ಹೇಳಿಯೇ ಆ ಸಾಲು ಬದಲಾಯಿಸಿದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತು ಲಾಗಿನ್ ಆದರು. ಎಲ್ಲಕ್ಕಿಂತ ಹಳೆಯ ಬರಹ ತೆರೆದರು. ಪ್ರಕಟಿಸುವ ಗುಂಡಿ ತೋರಿಸಿದೆ, ಒತ್ತಿದರು.

ಮಾವ ಕನ್ನಡಕ ಹಾಕಿಕೊಂಡು ಓದತೊಡಗಿದರು. ಮದುವೆಯಾಗಿ ಹೊಳೆಹೊನ್ನೂರಿನಿಂದ ಅತ್ತೆ ಭದ್ರಾವತಿಗೆ ಬಂದ ದಿನದ ಕಥೆ. ಅರ್ಧಕ್ಕೆ ನಿಲ್ಲಿಸಿ ತಲೆ ಎತ್ತಿದರು.

"ಅವತ್ತು ಅಷ್ಟೊಂದು ಅತ್ತಿದ್ಯಾ? ನಂಗೆ ಗೊತ್ತೇ ಇಲ್ಲ."

"ಮೊದಲು ನೀವು ಓದ್ಬೇಕು ಅಂತಲೇ ಕಳಿಸಿದ್ದು ಕಣ್ರೀ," ಎಂದರು ಅತ್ತೆ. "ಈಗ ಊರವರ ಜೊತೆ ಓದಿ."

ಹಾಗೆನ್ನುತ್ತಲೇ ಎರಡನೆಯ ಬರಹವನ್ನೂ ಪ್ರಕಟಿಸಿಬಿಟ್ಟಿದ್ದರು.