ಮೂರನೆಯ ಸೊನ್ನೆ

ಫಕೀರೇಶನಿಗೆ ಒಂದೇ ಚಟ. ಎಲ್ಲಾದರೂ ತಪ್ಪಿತೆಂದರೆ ಸಾಕು, ಮೊದಲಿನಿಂದ ಶುರು ಮಾಡುವುದು. ಕಂಪ್ಯೂಟರ್ ಸೈನ್ಸಿನ ಆಟೋಮ್ಯಾಟಾ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ವಿಜಯನಗರದ ನನ್ನ ಮನೆಗೆ ಟ್ಯೂಷನ್ನಿಗೆ ಬರುತ್ತಿದ್ದ. ನಾನು ಬೇರೊಂದು ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ಈ ಸಲವೂ ಹೋದರೆ ಓದು ಬಿಡಿಸಿ ಹೆಗ್ಗನಹಳ್ಳಿಯಲ್ಲಿ ಲೋಹಕ್ಕೆ ಬಣ್ಣ ಹಾಕುವ ಪೌಡರ್ ಕೋಟಿಂಗ್ ಶೆಡ್ಡಿಗೆ ಕೆಲಸಕ್ಕೆ ಸೇರಿಸುವುದಾಗಿ ಅವನಣ್ಣ ಕೊಟ್ರಪ್ಪ ಹೇಳಿಯಾಗಿತ್ತು.

ಲೆಕ್ಕ ಸರಳ. ಸೊನ್ನೆ, ಒಂದುಗಳ ಸಾಲಿನಲ್ಲಿ ಎಲ್ಲಾದರೂ 001 ಬಂದರೆ ಒಪ್ಪಿಕೊಳ್ಳುವ ಯಂತ್ರ ಬರೆಯಬೇಕು. ಯಂತ್ರವೆಂದರೆ ಕಾಗದದ ಮೇಲೆ ನಾಲ್ಕು ವೃತ್ತ, ನಡುವೆ ಬಾಣಗಳು. ಬೇಕಾದ ಅಂಕಿ ಬಂದಂತೆ ಒಂದೊಂದು ವೃತ್ತ ಮುಂದಕ್ಕೆ. 00 ಆದ ಮೇಲೆ 1ರ ಬದಲು ಇನ್ನೊಂದು ಸೊನ್ನೆ ಬಂದರೆ? ಇವನು ಬಾಣವನ್ನು ಸೀದಾ ಮೊದಲ ವೃತ್ತಕ್ಕೆ ಓಡಿಸುತ್ತಿದ್ದ.

“ಯಾಕೋ ವಾಪಸ್ ಕಳಿಸ್ತೀಯಾ? ಕೊನೇ ಎರಡು ಸೊನ್ನೆ ಇನ್ನೂ ಕೈಯಲ್ಲೇ ಇದೆಯಲ್ಲೋ! ಅಲ್ಲೇ ನಿಲ್ಲಿಸು,” ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ.

“ತಪ್ಪಾತಲ್ರಿ ಮೇಡಂ, ಮತ್ತ ಮೊದಲಿಂದನ ಬರಬೇಕಲ್ರಿ.”

ಬೈದರೆ ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಬರೆಯುತ್ತಿದ್ದ. ವೃತ್ತಗಳನ್ನು ನಾಣ್ಯ ಇಟ್ಟೇ ಎಳೆಯುತ್ತಿದ್ದ. ಒಪ್ಪಿಗೆಯ ಕೊನೆಯ ವೃತ್ತ ಜೋಡಿ: ಒಳಗೆ ಎಂಟಾಣೆ, ಹೊರಗೆ ಎರಡು ರೂಪಾಯಿ.

2006ರ ಜುಲೈನಲ್ಲಿ ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಹೋದೆ. ಹೆಸರಿಲ್ಲದ ಪತ್ರಿಕೆಗಳ ಕಟ್ಟಿನಲ್ಲಿ ಆ ನಾಣ್ಯದ ವೃತ್ತಗಳು ಸಿಕ್ಕವು. ಅದೇ 001. ಮೂರನೆಯ ಸೊನ್ನೆಗೆ ಬಾಣ ಅಲ್ಲೇ ಸುತ್ತಿ ನಿಂತಿತ್ತು. ಅಬ್ಬ, ಕೊನೆಗೂ! ಎಷ್ಟು ಖುಷಿಯಾಯಿತೆಂದರೆ, ಚಿತ್ರದ ಮೇಲೆ ಅಡ್ಡಡ್ಡ ಎಳೆದಿದ್ದ ಎರಡು ಗೆರೆ ಆಮೇಲೆ ಕಂಡವು. ಹೊಡೆದು ಹಾಕಿದ್ದ. ಕೆಳಗೆ ಇನ್ನೊಂದು ಚಿತ್ರ. ಬಾಣ ಮೊದಲ ವೃತ್ತಕ್ಕೆ.

ಹೊಡೆದು ಹಾಕಿದ ಉತ್ತರಕ್ಕೆ ಅಂಕ ಕೊಡುವಂತಿಲ್ಲ. ಉಳಿದದ್ದನ್ನೆಲ್ಲ ಕೂಡಿಸಿದೆ, ಪಾಸಾಗಲು ಈ ಉತ್ತರವೇ ಬೇಕಿತ್ತು. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಪಕ್ಕದ ಮೇಜಿನವರು ಕಾಫಿಗೆ ಕರೆದರು. ನಿಯಮದ ಪ್ರಕಾರವೇ ಅಂಕ ಹಾಕಿ ಕಟ್ಟು ಒಪ್ಪಿಸಿದೆ.

ಭಾನುವಾರ ಫಕೀರೇಶ ಬಂದ, ಕೈಯಲ್ಲಿ ಧಾರವಾಡ ಪೇಢೆಯ ಡಬ್ಬಿ.

“ರಿಸಲ್ಟ್ ಇನ್ನೂ ಬಂದಿಲ್ವಲ್ಲೋ,” ಎಂದೆ.

“ಬರತೈತ್ರಿ. ಈ ಸಲ ಪಾಸಾದಂಗ! ನಿಮ್ಮ 001 ಲೆಕ್ಕನ ಬಂದಿತ್ರಿ. ಮೊದ್ಲು ಗಡಿಬಿಡಿಯೊಳಗ ತಪ್ಪು ಬರದಿದ್ದೆ. ಪೇಪರ್ ಕೊಡೂಕಿಂತ ಮೊದ್ಲು ಇನ್ನೊಮ್ಮೆ ನೋಡು ಅಂತಿದ್ರಲ್ರಿ ನೀವು? ನೋಡಿದೆ. ಹೊಡೆದು ಹಾಕಿ ಮೊದಲಿಂದ ಬರದೆ.”

ಒಂದು ಪೇಢೆ ತೆಗೆದು ಬಾಯಿಗೆ ಹಾಕಿಕೊಂಡೆ.

“ಇನ್ನೊಂದು ತಗೋರಿ ಮೇಡಂ,” ಎಂದು ಡಬ್ಬಿ ಮುಂದೆ ಹಿಡಿದ.